ನೀರಿಗಿಳಿಯುತ್ತಿದ್ದ ನೇವಿ ಮಾವ

ಅವರ ಎಡಗಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಬೆಳಗ್ಗೆ ಇಟ್ಟುಕೊಂಡ ಹತ್ತಿ ಸಂಜೆಯ ಹೊತ್ತಿಗೆ ಧೂಳು ಹಿಡಿದು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಇಡೀ ಮೈಯನ್ನು ತಿರುಗಿಸಿ ಬಲಗಿವಿಯನ್ನು ಮುಂದೆ ತರುತ್ತಿದ್ದರು. ಸಮುದ್ರದ ಆಳದಲ್ಲಿ ನೀರಿನ ಒತ್ತಡಕ್ಕೆ ತಮಟೆ ಹರಿದುಹೋದ ಕಿವಿ ಅದು.

ಅಜ್ಜಂಪುರಕ್ಕೂ ಶಿವನಿ ಸ್ಟೇಷನ್ನಿಗೂ ನಡುವಿನ ನಮ್ಮೂರಿನಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ರಕ್ತಸಂಬಂಧವೇನೂ ಇಲ್ಲ. ನಾವು ಮಕ್ಕಳು ಅವರನ್ನು ನೇವಿ ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆವು. ಊರಿನ ದೊಡ್ಡವರಿಗೆ ಮಾತ್ರ ಅವರು ‘ಮಿಲ್ಟ್ರಿ’. “ಮಿಲ್ಟ್ರಿ ಅಲ್ಲ ಕಣ್ರಪ್ಪಾ, ನೇವಿ. ಹಡಗು” ಎಂದು ಮೊದಮೊದಲು ತಿದ್ದುತ್ತಿದ್ದರಂತೆ. “ಹಡಗೋ ಗಿಡಗೋ, ಕೈಗೆ ಗನ್ನು ಕೊಟ್ಟಿದ್ರಾ?” ಎಂದು ಕೇಳುತ್ತಿದ್ದರಂತೆ ಊರಿನವರು. ಗನ್ನಿನ ಕೆಲಸವಲ್ಲ ಅವರದು. ನೀರೊಳಗೆ ಮುಳುಗಿ ಹಡಗಿನ ತಳ ನೋಡುವುದು, ಕೆಟ್ಟದ್ದನ್ನು ಅಲ್ಲೇ ಸರಿಮಾಡುವುದು. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣ ಎಂದು ತಿರುಗಿ, ಕಿವಿ ಹೋದ ಮೇಲೆ ಪೆನ್ಷನ್ ತೆಗೆದುಕೊಂಡು ಬಂದು ತೆಂಗಿನ ತೋಟ, ಹೆಂಡತಿ, ಮಕ್ಕಳು ಎಂದು ನೆಲೆ ನಿಂತರು.

ಅವರು ಬಂದ ವರ್ಷವೇ ಪಕ್ಕದ ಹಳ್ಳಿಯ ಬಾವಿಗೆ ಯಾರೋ ಬಿದ್ದು ಹೆಣ ಸಿಗದೆ ಜನ ಇವರ ಬಾಗಿಲಿಗೆ ಓಡಿಬಂದರು. ಹೋಗಿ ಎತ್ತಿಕೊಟ್ಟರು. ಅಲ್ಲಿಂದ ಕಡೂರು ಕಡೆಯ ಕೆರೆಯಾಗಲಿ, ತರೀಕೆರೆ ಕಡೆಯ ಭದ್ರಾ ನಾಲೆಯ ಚಾನೆಲ್ ಆಗಲಿ, ಎಲ್ಲಿ ಯಾರು ಮುಳುಗಿದರೂ ಪೊಲೀಸರ ಜೀಪು ಬಂದು ಅವರ ಮನೆ ಮುಂದೆ ನಿಲ್ಲುತ್ತಿತ್ತು. ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈತೊಳೆದು ಏಳುತ್ತಿದ್ದರು.

ಹಾಗೆ ಹೋಗಿಬಂದ ದಿನ ಒಳಗೆ ಕಾಲಿಡುತ್ತಿರಲಿಲ್ಲ. ಹಿತ್ತಲಲ್ಲಿ ಅತ್ತೆ ಹಂಡೆ ನೀರು ಹೊಯ್ಯುತ್ತಿದ್ದರು. ಮಕ್ಕಳು ಹತ್ತಿರ ಬಂದರೆ “ನಾಳೆ ಬನ್ರೋ, ನಾಳೆ” ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಊಟ, ಚಾಪೆ ಎಲ್ಲ ಜಗಲಿಯಲ್ಲೇ. ಅದು ಅವರೇ ಮಾಡಿಕೊಂಡ ಕಟ್ಟಳೆ. ಊರಿನವರು ಅದನ್ನು ಮಿಕ್ಕ ದಿನಗಳಿಗೂ ಎಳೆದರು. ಹೆಣ್ಣು ನೋಡಲು ಹೊರಟವರು ಮಾವ ಎದುರಾದರೆ ವಾಪಸು ಮನೆಗೆ ಹೋಗಿ, ಕೂತು, ನೀರು ಕುಡಿದು ಹೊರಡುತ್ತಿದ್ದರು. ಇದು ಗೊತ್ತಾದ ಮೇಲೆ ಅವರು ಬೆಳಗಿನ ಹೊತ್ತು ಬೀದಿ ಬಿಟ್ಟು ಹಿತ್ತಲ ಹಾದಿಯಲ್ಲಿ ತೋಟಕ್ಕೆ ಹೋಗತೊಡಗಿದರು. ಮದುವೆಗಳಿಗೆ ಧಾರೆ ಮುಗಿದ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿ ಕೊನೆಯ ಪಂಕ್ತಿಯಲ್ಲಿ ಉಂಡು ಬರುತ್ತಿದ್ದರು.

ಅವರ ಮಗಳನ್ನು ನೋಡಲು ಬೀರೂರಿನಿಂದ ಗಂಡಿನವರು ಬಂದ ದಿನವೂ ಜೀಪು ಬಂತು. ಉಪ್ಪಿಟ್ಟು ಬಡಿಸುತ್ತಿದ್ದ ಅತ್ತೆ ಅಡುಗೆಮನೆ ಬಾಗಿಲಲ್ಲಿ ಅವರ ತೋಳು ಹಿಡಿದುಕೊಂಡರು.

“ಇವತ್ತೊಂದಿನ ಬ್ಯಾಡ ಕಣ್ರೀ. ನಿಮ್ಮ ದಮ್ಮಯ್ಯ.”

“ದಡದಾಗೆ ಮುಳುಗಿದೋರ ಮನೆಯೋರು ಕೂತವ್ರೆ ಕಣೇ. ಹೆಂಗೆ ಬ್ಯಾಡ ಅನ್ಲಿ?”

ಹೋದರು. ಸಂಜೆ ತಿರುಗಿ ಬಂದಾಗ ಗಂಡಿನವರು ಈ ಸಂಬಂಧ ಬೇಡವೆಂದು ಎದ್ದು ಹೋಗಿದ್ದರು. ಮಗಳು ಬಹಳ ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವಳಿಗೆ ಬೇರೆ ಕಡೆ ಒಳ್ಳೆಯ ಮನೆಯೇ ಸಿಕ್ಕಿತು. ಆದರೂ ಆ ಮದುವೆಯಲ್ಲಿ ಧಾರೆ ಎರೆಯಲು ಕೂತಾಗ ಮಾವ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದುದು ನನಗೆ ನೆನಪಿದೆ.

ನಾನು ಹೈಸ್ಕೂಲು ಸೇರಿದ ವರ್ಷ ನಮ್ಮ ಅಮ್ಮ ಹೊಲದ ಬಾವಿಯಲ್ಲಿ ಮುಳುಗಿ ಹೋದಳು. ಹಿಂದಿನ ಸಂಜೆ ಅಪ್ಪನಿಗೂ ಅವಳಿಗೂ ಜೋರು ಜಗಳವಾಗಿತ್ತು, ಬೀದಿಗೆಲ್ಲ ಕೇಳಿತ್ತು. ಬಾವಿಯ ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಏನು ಪಿಸುಗುಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಅಪ್ಪ ನೆಲ ನೋಡುತ್ತ ಕೂತಿದ್ದ. ನೇವಿ ಮಾವ ಇಳಿದು ಅಮ್ಮನನ್ನು ಎತ್ತಿ ತಂದರು. ಮಲಗಿಸಿ, ಸೀರೆ ಸರಿಮಾಡಿ, ತಮ್ಮ ಟವೆಲ್ಲು ಹೊದಿಸಿದರು. ಆಮೇಲೆ ಜನರನ್ನೂ ಅಪ್ಪನನ್ನೂ ಒಮ್ಮೆ ನೋಡಿದರು. ನನ್ನನ್ನೂ ನೋಡಿದರು. ಮತ್ತೆ ಬಾವಿಗೆ ಇಳಿದರು.

ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಕೈಯಲ್ಲಿ ನೆಗ್ಗಿದ, ಪಾಚಿ ಹಿಡಿದ ಒಂದು ಕೊಡವಿತ್ತು. ಅದನ್ನು ಅಷ್ಟರಲ್ಲಿ ಬಂದಿದ್ದ ಪೊಲೀಸಿನವರ ಮುಂದಿಟ್ಟು ಏದುಸಿರು ಬಿಡುತ್ತ ಹೇಳಿದರು: “ನೀರಿಗೆ ಅಂತ ಇಳಿದವ್ಳೆ ಸ್ವಾಮಿ. ಮೆಟ್ಲೆಲ್ಲ ಪಾಚಿ ಐತೆ. ಜಾರವ್ಳೆ.”

“ಕೊಡ ಯಾರದು?” ಎಂದು ಪೊಲೀಸಿನವರು ಕೇಳಿದರು.

ಅಳುತ್ತಿದ್ದ ನನ್ನಜ್ಜಿ ಥಟ್ಟನೆ “ನಮ್ದೇ ಕಣಪ್ಪಾ, ನನ್ ಸೊಸೇದು” ಎಂದಳು.

ನಮ್ಮ ಮನೆಯ ಕೊಡಗಳೆಲ್ಲ ಮನೆಯಲ್ಲೇ ಇದ್ದವು. ಬೆಳಗ್ಗೆ ನಾನೇ ತುಂಬಿಸಿಟ್ಟಿದ್ದೆ. ಎಂದೋ ಯಾರದೋ ಕೈಜಾರಿ ಬಾವಿಯ ತಳ ಸೇರಿದ್ದ ಕೊಡ ಅದು. ಆದರೆ ನೇವಿ ಮಾವನೇ ಹೇಳಿದ ಮೇಲೆ ಊರಿನಲ್ಲಿ ಬೇರೆ ಮಾತು ಏಳಲಿಲ್ಲ. ಅಪ್ಪ ನಾಲ್ಕು ಜನರ ನಡುವೆ ಓಡಾಡುವ ಹಾಗಾಯಿತು. ಮುಂದೆ ತರೀಕೆರೆಯಲ್ಲಿ ನನಗೆ ಸಂಬಂಧ ಕೂಡಿದಾಗಲೂ ಯಾರೂ ನಮ್ಮಮ್ಮನ ಹೆಸರು ಹಿಡಿದು ಏನೂ ಕೇಳಲಿಲ್ಲ.

ಅಮ್ಮನ ತಿಥಿ ಕಳೆದ ಮೇಲೆ ಮಾವ ಒಂದು ಹೊಸ ಕೆಲಸ ಹಚ್ಚಿಕೊಂಡರು. ದಪ್ಪ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ಸುತ್ತಲ ಹೊಲಗಳ ಬಾವಿಗಳಿಗೆಲ್ಲ ಇಳಿಬಿಡುತ್ತ ಹೋದರು. ಕೆಲವರು ಸುಮ್ಮನಿದ್ದರು. ಕೆಲವರು “ಸಾವನ್ನ ಕರೆದಂಗಾಯ್ತು” ಎಂದು ಬಿಚ್ಚಿ ಬಿಸಾಡಿದರು. ಬಿಸಾಡಿದ್ದನ್ನು ಎತ್ತಿಕೊಂಡು ಇನ್ನೊಂದು ಬಾವಿಗೆ ಕಟ್ಟುತ್ತಿದ್ದರು.

ವರ್ಷಗಳು ಕಳೆದವು. ದೋಣಿ ತಂದು, ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಅಗ್ನಿಶಾಮಕ ದಳದ ಹುಡುಗರು ಬರತೊಡಗಿದ ಮೇಲೆ ಮಾವನನ್ನು ಯಾರೂ ಕರೆಯುತ್ತಿರಲಿಲ್ಲ. ಅತ್ತೆ ತೀರಿಕೊಂಡಾಗ ನಾನು ಊರಿಗೆ ಹೋಗಿದ್ದೆ. ಮನೆ ತುಂಬ ಮಗ, ಸೊಸೆ, ಮೊಮ್ಮಕ್ಕಳು. ಅವರು ಮಾತ್ರ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಒಳಗೆ ಕರೆದರೆ “ಇಲ್ಲೇ ಅಭ್ಯಾಸ ಆಗೈತೆ” ಎನ್ನುತ್ತಿದ್ದರು. ಬಲಗಡೆ ಹೋಗಿ ಕೂತೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಅವತ್ತು ಆಡಿದೆ.

“ಮಾವ, ಅವತ್ತಿನ ಕೊಡ ನಮ್ದಲ್ಲ.”

“ಗೊತ್ತು ಕಣವ್ವ.”

“ಹಂಗಾದ್ರೆ ಅಮ್ಮ…”

ಅವರು ನನ್ನ ಕಡೆಗೆ ತಿರುಗಿದರು. “ಹೆಂಗೆ ಬಿದ್ಲೋ ನಂಗೊತ್ತಿಲ್ಲ. ಸುಳ್ಳು ಹೇಳಲ್ಲ. ಆದ್ರೆ ಉಗುರೊಳಗೆಲ್ಲ ಪಾಚಿ ತುಂಬ್ಕೊಂಡಿತ್ತು ಕಣವ್ವ. ಗೋಡೆ ಪರಚವ್ಳೆ. ಮೇಲಕ್ಕೆ ಬರಾಕೆ ನೋಡವ್ಳೆ, ನಿನ್ ತಾವ. ಹಿಡ್ಕಳಾಕೆ ಏನೂ ಸಿಕ್ಕಿಲ್ಲ.” ಮತ್ತೆ ಅಂದರು, “ಕೊಡ ಊರಿನೋರಿಗೆ ಅಂತ ತಂದೆ. ಇದನ್ನ ನೀನು ಕೇಳ್ದಾಗ ಹೇಳಾನ ಅಂತಿದ್ದೆ. ನೀನು ಕೇಳ್ಲೇ ಇಲ್ಲ.”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ಪಕ್ಕದಲ್ಲೇ ಕೂತಿದ್ದರು. ಅಮ್ಮ ನನ್ನನ್ನು ಬೇಡವೆಂದು ಹೋದಳು ಎಂಬ ಸಂಕಟದಲ್ಲೇ ಬೆಳೆದವಳು ನಾನು. ಅವತ್ತಿನಿಂದ ಅದು ಇಲ್ಲ.

ಅದಾದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಗ್ಗೆ ಜಗಲಿಯ ಚಾಪೆಯ ಮೇಲೇ ಹೋಗಿದ್ದರು. ಮಣ್ಣಿಗೆ ಜನ ಬಂದಿದ್ದರು, ಆದರೆ ಎಲ್ಲ ಬೇಲಿಯ ಆಚೆಗೇ ನಿಂತಿದ್ದರು. ಕೊನೆಯ ಸ್ನಾನಕ್ಕೆ ಮಕ್ಕಳಿಬ್ಬರು ನೀರು ಹಾಕಿದ ಮೇಲೆ ಬೇರೆ ಯಾರೂ ಮುಂದೆ ಬರಲಿಲ್ಲ. ನಾನು ಹೋಗಿ ಚೊಂಬು ತೆಗೆದುಕೊಂಡೆ.

“ನೀನು ಏನಾಗ್ಬೇಕವ್ವ ಅವ್ರಿಗೆ? ಸಂಬಂಧಿಕರು ಹಾಕ್ಬೇಕು” ಎಂದು ಯಾರೋ ಹಿರಿಯರು ತಡೆದರು.

ಅವರ ಮಗಳು ಅಳುತ್ತಲೇ “ಹಾಕ್ಲಿ ಬಿಡಿ” ಎಂದಳು.

ನಾನು ಮೊದಲು ಅವರ ಕೈಗಳನ್ನು ತೊಳೆದೆ. ಆಮೇಲೆ ತಲೆಗೆ ನೀರು ಹಾಕಿ ತಿರುಗಿದಾಗ, ನಾನೆಂದೂ ನೋಡಿರದ ಒಬ್ಬ ಮುದುಕ ಬೇಲಿ ದಾಟಿ ಬಂದು ನನ್ನ ಹಿಂದೆ ಕೈ ಚಾಚಿಕೊಂಡು ನಿಂತಿದ್ದ.

“ನನ್ ಮಗ, ಚಾನೆಲ್‌ನಾಗೆ…” ಎಂದ.

ನಾನು ಚೊಂಬನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ.