ಚೆನ್ನಪ್ಪನ ನೀರು ಸೋರದ ಲಾರಿ

ಬಂದರಿನ ಎದುರು, ಹೊಳೆಯಾಚೆಯ ಬೆಂಗ್ರೆಯ ಚೆನ್ನಪ್ಪ ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿಯೂ ಕಡಲಿಗೆ ಆಗದ ಮನುಷ್ಯ. ದೋಣಿ ಒಂದು ಅಲೆ ಹತ್ತಿದರೆ ಅವನ ಹೊಟ್ಟೆ ಎರಡು ಅಲೆ ಹತ್ತುತ್ತಿತ್ತು. ಹೊಳೆ ದಾಟುವಷ್ಟು ಹೊತ್ತು ಹೇಗೋ ಕಣ್ಣು ಮುಚ್ಚಿ ತಡೆದುಕೊಳ್ಳುತ್ತಿದ್ದ. ಇಂಥವನು ಬಲೆ ಎಳೆಯುವುದುಂಟೇ? ಬಂದರಿನ ಒಂದು ಬಸ್ಸಿನ ಶೆಡ್ಡಿನಲ್ಲಿ ಫಿಟ್ಟರ್ ಆಗಿ ಸೇರಿಕೊಂಡ. ಅಲ್ಲಿ ಅವನ ಕೈ ಮುಟ್ಟಿದ ಇಂಜಿನು ಕೆಮ್ಮುವುದನ್ನು ಬಿಡುತ್ತಿತ್ತು.

ಹೆಂಡತಿ ಸುಂದರಿ ಮೀನು ಮಾರುವವಳು. ಬೆಳಿಗ್ಗೆ ಹೊಳೆ ದಾಟಿ, ಬುಟ್ಟಿಯನ್ನು ತಲೆಗೇರಿಸಿ ನಂತೂರಿನ ಗುಡ್ಡ ದಾಟಿ ವಾಮಂಜೂರಿನವರೆಗೆ ನಡೆಯುವಳು. ಮಾರಿ, ನಡೆದೇ ಹಿಂದೆ ಬರುವಾಗ ಕತ್ತಲಾಗಿರುತ್ತಿತ್ತು. ಒಂದು ದಿನ ಕಾಲು ಊದಿಕೊಂಡಿತೆಂದು ಬಸ್ಸು ಹತ್ತಿದಳು. ಮೀನಿನ ವಾಸನೆ ಎಂದು ಯಾರೋ ಮೂಗು ಮುಚ್ಚಿದರು, ಕಂಡಕ್ಟರು ಅವಳನ್ನೂ ಬುಟ್ಟಿಯನ್ನೂ ನಡುದಾರಿಯಲ್ಲಿ ಇಳಿಸಿದ. ಅದು ಹಿಂದಿನ ದಿನವಷ್ಟೇ ಚೆನ್ನಪ್ಪ ರಿಪೇರಿ ಮಾಡಿ ಕಳಿಸಿದ ಬಸ್ಸು. ತಾನು ಬೋಲ್ಟು ಬಿಗಿದ ಗಾಡಿಯಿಂದ ತನ್ನ ಹೆಂಡತಿಯನ್ನೇ ಇಳಿಸಿದರಲ್ಲ ಎಂದು ಅವನ ಹೊಟ್ಟೆ ಉರಿದುಹೋಯಿತು.

"ನಿನ್ನನ್ನು ಯಾರೂ ಇಳಿಸಲಿಕ್ಕಾಗದ ಗಾಡಿ ನಾನು ಮಾಡ್ತೇನೆ. ನೀನು ಕೂತುಕೊಂಡು ಹೋಗಿ, ಬೆಳಕಿರುವಾಗ ಮನೆಗೆ ಬರಬೇಕು," ಎಂದ.

"ಮೊದಲು ಊಟ ಮಾಡಿ," ಎಂದಳು ಸುಂದರಿ.

ಚೆನ್ನಪ್ಪ ಹಟಕ್ಕೆ ಬಿದ್ದ. ಬಂದರಿನ ಗುಜರಿ ವ್ಯಾಪಾರಿ ಕಮರುದ್ದೀನ್ ಬ್ಯಾರಿಯ ಅಂಗಳದಲ್ಲಿ ಚರಂಡಿಗೆ ಬಿದ್ದು ನುಜ್ಜುಗುಜ್ಜಾದ ಬಸ್ಸಿನ ಚಾಸಿಸ್ ಒಂದಿತ್ತು. ಘಟ್ಟದ ಮೇಲಿನ ಕಾಫಿ ತೋಟದ ಯಾವುದೋ ಬಿಳಿ ದೊರೆ ಬಿಟ್ಟುಹೋದ ಕಾರಿನ ಇಂಜಿನನ್ನು ಅದಕ್ಕೆ ಕೂರಿಸಿದ. ಚಕ್ರಗಳು ನಾಲ್ಕು ಊರಿನವು. ಸುಂದರಿ ಕೂರಲೆಂದು ಜಟಕಾ ಗಾಡಿಯ ಮೆತ್ತೆಯನ್ನೇ ತಂದು ಮುಂದೆ ಹಾಸಿದ. ಬಾನೆಟ್ಟು ಮಾತ್ರ ಎಲ್ಲೂ ಸಿಗಲಿಲ್ಲ. ಇಂಜಿನು ಹೊಟ್ಟೆ ಬಿಟ್ಟುಕೊಂಡು ಹಾಗೇ ಕೂತಿತು. ಆದರೆ ದೊಡ್ಡ ಇಂಜಿನು, ಹಗುರ ಮೈ. ಬಿಟ್ಟರೆ ಊರಿನ ಯಾವ ಬಸ್ಸೂ ಅದರ ಹೊಗೆಯನ್ನೂ ಹಿಡಿಯುವಂತಿರಲಿಲ್ಲ.

ಹಿಂದಿನ ತೊಟ್ಟಿ ಕಟ್ಟಲು ದೋಣಿ ಕಟ್ಟುವ ಬೂಬಣ್ಣನನ್ನು ಕರೆದ. ಬೂಬಣ್ಣನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ಹತ್ತಿ ತುರುಕಿ, ಮೀನೆಣ್ಣೆ ಬಳಿದ. ನೋಡಿದವರು, "ಇದು ನೀರಿಗೋ ರಸ್ತೆಗೋ ಮಾರಾಯ?" ಎಂದು ಕೇಳಿದರು. ಚೆನ್ನಪ್ಪನಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬೆಂಗ್ರೆಯಲ್ಲಿ ಬೆಳೆದವನಿಗೆ ನೀರು ಸೋರದ್ದೇ ಒಳ್ಳೆಯ ಕೆಲಸ.

ಚೆನ್ನಪ್ಪ ಶೆಡ್ಡಿಗೆ ರಜೆ ಹಾಕಿದ. ಮೊದಲ ದಿನ ಬೆಂಗ್ರೆಯ ಹೆಂಗಸರೆಲ್ಲ ಹೊಳೆ ದಾಟಿ ಬಂದು ತೊಟ್ಟಿಗೆ ಬಂಗುಡೆ ಸುರಿದರು. ಮೀನು ಒಣಗಬಾರದೆಂದು ಕೊಡಗಟ್ಟಲೆ ನೀರನ್ನೂ ಹೊಯ್ದರು. ಒಂದು ಹನಿ ಹೊರಗೆ ಹೋಗಬೇಕಲ್ಲ! ನಂತೂರಿನ ಏರಿನಲ್ಲಿ ನೀರೆಲ್ಲ ಹಿಂದಕ್ಕೆ ಸರಿದು ಲಾರಿ ಮೂಗೆತ್ತಿತು. ಆಚೆಯ ಇಳಿಜಾರಿನಲ್ಲಿ ಚೆನ್ನಪ್ಪ ಬ್ರೇಕು ತುಳಿದದ್ದೇ ತಡ, ನೀರೂ ಬಂಗುಡೆಯೂ ಒಟ್ಟಿಗೆ ಅವನ ತಲೆಯ ಮೇಲೆ ಬಂದವು. ಇಂಜಿನಿಗೂ ಸ್ನಾನವಾಗಿ ಅದು ನಿಂತೇಹೋಯಿತು. ಕಡಲಿನ ಸಹವಾಸವೇ ಬೇಡವೆಂದು ಓಡಿಹೋದವನನ್ನು ಕಡಲು ಗುಡ್ಡ ಹತ್ತಿ ಬಂದು ಹಿಡಿದಿತ್ತು. ಜನ ನಕ್ಕದ್ದೇ ನಕ್ಕದ್ದು. ಸುಂದರಿ ಬುಟ್ಟಿ ತುಂಬಿಕೊಂಡು ಉಳಿದ ದಾರಿ ನಡೆದಳು. ಅವಳ ಬೆನ್ನು ನೋಡುತ್ತ ನಿಂತ ಚೆನ್ನಪ್ಪನಿಗೆ ಅಳು ಬಂತು.

ಲಾರಿಯನ್ನು ಬಂದರಿಗೆ ಎಳೆಸಿ ತಂದು ಬೂಬಣ್ಣನನ್ನು ಕರೆದ. "ತೊಟ್ಟಿಯ ಅಡಿಗೆ ನಾಲ್ಕು ತೂತು ಕೊರೆಯಿರಿ."

ಬೂಬಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ಎಂತ ಹೇಳ್ತಿ ನೀನು? ತಾನು ಕಟ್ಟಿದ್ದರ ಅಡಿಗೆ ತೂತು ಕೊರೆದವ ನಮ್ಮಲ್ಲಿ ಇಲ್ಲ. ಬೇಕಾದರೆ ತೆಂಗಿನ ಗೆರಟೆ ಹಿಡಿದು ನಾನೇ ಹಿಂದೆ ಕೂರ್ತೇನೆ, ನೀರು ಮೊಗೆದು ಚೆಲ್ತೇನೆ."

ಚೆನ್ನಪ್ಪ ತಾನೇ ಬೈರಿಗೆ ಹಿಡಿದು ಲಾರಿಯ ಕೆಳಗೆ ತೂರಿದ. ಕಬ್ಬಿಣವನ್ನು ಬೆಣ್ಣೆಯಂತೆ ಕೊರೆಯುವವನು, ಬೈರಿಗೆಯ ತುದಿಯನ್ನು ಹಲಗೆಗೆ ತಾಗಿಸಿ ಮತ್ತೆ ಹಿಂದಕ್ಕೆ ಎಳೆದುಕೊಂಡ. ಕಡಲಿಗೆ ಹೋಗದಿದ್ದರೇನು, ಬೆಂಗ್ರೆಯ ರಕ್ತವಲ್ಲವೇ. ಬೈರಿಗೆಯೊಂದಿಗೆ ಹಾಗೆಯೇ ಹೊರಗೆ ಬಂದ.

ಅಷ್ಟರಲ್ಲಿ ಸುಂದರಿ ಖಾಲಿ ಬುಟ್ಟಿಯೊಂದಿಗೆ ಬಂದಳು. ವಿಷಯ ತಿಳಿದು ಇಬ್ಬರನ್ನೂ ಒಂದು ಸಲ ನೋಡಿದಳು. "ಬೂಬಣ್ಣ, ಇದರ ಕೆಳಗೆ ಚಕ್ರ ಉಂಟಲ್ಲ, ಕಾಣುವುದಿಲ್ಲವಾ ನಿಮಗೆ?" ಎಂದು ಸೆರಗು ಸಿಕ್ಕಿಸಿ ತೊಟ್ಟಿಯೊಳಗೆ ಹತ್ತಿದಳು. ಗಂಡನ ಕೈಯಿಂದ ಬೈರಿಗೆ ತೆಗೆದುಕೊಂಡು ಮೂಲೆಗೊಂದರಂತೆ ಕೊರೆದಳು. ಬೂಬಣ್ಣ ಆಚೆ ಮುಖ ಮಾಡಿ ನಿಂತಿದ್ದ. ಕಟ್ಟಿದವನಿಗೆ ನೋವಾಗದಿರುತ್ತದೆಯೇ, ಪಾಪ.

ಮಾರನೆಯ ದಿನ ಲಾರಿ ನಾಲ್ಕೂ ಕಡೆ ನೀರು ಸುರಿಸುತ್ತ ನಂತೂರು ಹತ್ತಿತು, ಮುಂದೆ ಹೋಗುತ್ತಿದ್ದ ಬಸ್ಸನ್ನು ಹಿಂದೆ ಹಾಕಿ ವಾಮಂಜೂರು ಮುಟ್ಟಿತು. ಸುಂದರಿ ಮೆತ್ತೆಯ ಮೇಲೆ ಎರಡೂ ಕೈಯಲ್ಲಿ ಸೀಟು ಹಿಡಿದು ಕೂತಿದ್ದಳು. ಹೆದರಿಕೆ ಇತ್ತು, ಆದರೆ ನಿಧಾನ ಹೋಗಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮೀನು ಹಸಿಹಸಿಯಾಗಿಯೇ ಮುಗಿದುಹೋಯಿತು.

ನಡು ಮಧ್ಯಾಹ್ನಕ್ಕೆ ಗಂಡಹೆಂಡತಿ ಬೆಂಗ್ರೆಯ ಮನೆಯಲ್ಲಿದ್ದರು. ಇಷ್ಟು ದಿನ ಇವನು ಬೆಳಕು ಹರಿಯುವ ಮೊದಲೇ ಶೆಡ್ಡಿಗೆ, ಅವಳು ಕತ್ತಲಾದ ಮೇಲೆ ಮನೆಗೆ. ಮದುವೆಯಾದಂದಿನಿಂದ ಹೀಗೆಯೇ ನಡೆದು, ಹಗಲಿನ ಊಟಕ್ಕೆ ಇಬ್ಬರೂ ಮನೆಯಲ್ಲಿ ಒಟ್ಟಿಗೆ ಇದ್ದದ್ದೇ ಇರಲಿಲ್ಲ. ಸುಂದರಿ ಗಂಜಿ ಬಡಿಸಿದಳು, ಚೆನ್ನಪ್ಪ ಮುಂಡಾಸು ಬಿಚ್ಚಿಟ್ಟು ತಟ್ಟೆಯ ಮೇಲೆ ಬಗ್ಗಿದ. ಬಾಗಿಲಿನಿಂದ ಬಿಸಿಲು ನೇರ ಅವನ ತಲೆಯ ಮೇಲೆ ಬಿದ್ದಿತ್ತು. ಅವಳು ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು.

"ನಿಮ್ಮ ತಲೆ ಯಾವಾಗ ಇಷ್ಟು ನರೆತದ್ದು?" ಎಂದು ಕೇಳಿದಳು.