ಸೂಕ್ತ ಮೌಲ್ಯ ಊಹಿಸಿಕೊಳ್ಳಿ

ಕೆಲವು ವರ್ಷಗಳ ಹಿಂದೆ, ಔಷಧ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಿಂದ ನಾನು ನಿವೃತ್ತಳಾದ ವರ್ಷವೇ, ವಿಶಾಖಪಟ್ಟಣದ ಮಧುರವಾಡದಲ್ಲಿರುವ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದು ನನ್ನನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಕರೆಯಿತು. ಪಿಎಚ್.ಡಿ. ಇಲ್ಲದಿದ್ದರೂ ಉದ್ಯಮದಲ್ಲಿ ಬಹುಕಾಲ ದುಡಿದವರು ಪಾಠ ಹೇಳಬಹುದಾದ ಹುದ್ದೆ ಅದು. ನಾನು ದಾವಣಗೆರೆಯವಳು, ಮದುವೆಯಾಗಿ ಇಲ್ಲಿನ ಪೆಂದುರ್ತಿಗೆ ಬಂದು ನೆಲೆಸಿದವಳು. ಕಾರ್ಖಾನೆಯಲ್ಲಿ ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ‘ಹೆದರುವುದು’ ಎನ್ನುತ್ತಿದ್ದೆ. ತಮಾಷೆಗೆ ಹೇಳುತ್ತಿದ್ದುದಲ್ಲ. ಉಳಿದವರು ನೆಮ್ಮದಿಯಿಂದ ಕೆಲಸ ಮಾಡಲೆಂದು, ಹೆದರುವುದಕ್ಕೆಂದೇ ಒಬ್ಬರಿಗೆ ಸಂಬಳ ಕೊಡುತ್ತಾರೆ.

ಕಾಲೇಜಿಗೆ ಹೋದ ಮೇಲೆ ನನಗೆ ಮೊದಲು ದಿಗಿಲು ಹುಟ್ಟಿಸಿದ್ದು ಪ್ರಶ್ನೆಪತ್ರಿಕೆಯ ತಲೆಯಲ್ಲಿ ಅಚ್ಚಾಗುವ ಒಂದು ಸಾಲು: ‘ಕೊಡದೆ ಇರುವ ಮೌಲ್ಯಗಳನ್ನು ಸೂಕ್ತವಾಗಿ ಊಹಿಸಿಕೊಳ್ಳಿ.’ ನಾನೂ ಓದುವಾಗ ಅದನ್ನು ನೋಡಿಯೇ ಪಾಸಾಗಿದ್ದೆ, ನಿಜ. ಆದರೆ ಕಾರ್ಖಾನೆಯಲ್ಲಿ ನಾನು ಕಂಡ ಅವಘಡಗಳ ಬೆನ್ನುಹತ್ತಿ ಹೋದರೆ ಕೊನೆಗೆ ಸಿಗುತ್ತಿದ್ದುದು ಹೀಗೆ ಏನನ್ನೋ ಸೂಕ್ತವಾಗಿ ಊಹಿಸಿಕೊಂಡ ಒಬ್ಬ ಮನುಷ್ಯ. ಹಾಗಾಗಿ ತರಗತಿಯಲ್ಲಿ ವರ್ಷವಿಡೀ ಒಂದೇ ಮಾತು ಹೇಳಿದೆ. ಗೊತ್ತಿಲ್ಲದ ಅಂಕಿಯನ್ನು ಕೇಳಿ ತಿಳಿದುಕೊಳ್ಳಿ, ತಿಳಿಯುವ ತನಕ ಕೈಕಟ್ಟಿ ಕೂರಿ.

ಕೊನೆಯ ಸೆಮಿಸ್ಟರಿನ ಪತ್ರಿಕೆಗೆ ಒಂದು ಪ್ರಶ್ನೆ ಬರೆದೆ. ಒಂದು ರಿಯಾಕ್ಟರ್, ಅಂದರೆ ರಾಸಾಯನಿಕಗಳನ್ನು ಬೇಯಿಸುವ ದೊಡ್ಡ ಮುಚ್ಚಿದ ಪಾತ್ರೆ. ಅದಕ್ಕೆ ಸ್ಟೀಮ್ ಬಿಡಬಹುದೇ? ಉತ್ತರಕ್ಕೆ ಅದರ ಸೇಫ್ಟಿ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಬೇಕು. ಅಡುಗೆಮನೆಯ ಕುಕ್ಕರಿಗೂ ಇಂಥದೊಂದು ವಾಲ್ವ್ ಇರುತ್ತದೆ. ಆ ಅಂಕಿಯನ್ನು ಬೇಕೆಂದೇ ಕೊಡಲಿಲ್ಲ. ಊಹಿಸಿಕೊಳ್ಳಿ ಎಂಬ ಸಾಲನ್ನೂ ತೆಗೆದುಹಾಕಿದೆ.

ನನ್ನಂತೆ ಹೊರಗಿನಿಂದ ಬಂದವರ ಜೊತೆಗೆ ಕಾಲೇಜಿನ ಒಬ್ಬ ಅಧ್ಯಾಪಕರಿರುತ್ತಾರೆ. ನನಗೆ ಜೊತೆಯಾದವರು ಪ್ರಸಾದ್ ಗಾರು, ಬಹಳ ಒಳ್ಳೆಯವರು. ನಾನು ಮರೆತಿರಬೇಕೆಂದುಕೊಂಡು ಆ ಸಾಲನ್ನು ಮತ್ತೆ ಸೇರಿಸಿದರು. ವಿಶ್ವವಿದ್ಯಾಲಯಕ್ಕೆ ಕಳಿಸುವ ಮಾದರಿ ಉತ್ತರದಲ್ಲಿ ವಾಲ್ವಿಗೆ ಹತ್ತು ಬಾರ್ ಒತ್ತಡವೆಂದು ಹಿಡಿದು ಲೆಕ್ಕ ಮಾಡಿಟ್ಟರು. ನನಗೆ ಕೆಲಸ ಕಡಿಮೆಯಾಗಲಿ ಎಂದೇ ಮಾಡಿದ್ದು ಅದು. ನನಗೆ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ.

ಫಲಿತಾಂಶ ಬಂದಾಗ ತರಗತಿಯೆಲ್ಲ ಊಹಿಸಿ ಬರೆದು ಪಾಸಾಗಿತ್ತು. ಫೇಲಾದವಳು ಮಾನಸ ಒಬ್ಬಳೇ. ‘ವಾಲ್ವಿನ ಒತ್ತಡ ತಿಳಿಯದೆ ಸ್ಟೀಮ್ ಬಿಡುವುದಿಲ್ಲ. ನಿರ್ವಹಣಾ ವಿಭಾಗವನ್ನು ಕೇಳುತ್ತೇನೆ’ ಎಂದು ಬರೆದು ಮುಗಿಸಿದ್ದಳು. ಆ ದೊಡ್ಡ ಪ್ರಶ್ನೆಗೆ ಸೊನ್ನೆ ಬಿದ್ದು, ಪಾಸಾಗಲು ಬೇಕಾದ ಅಂಕ ತಪ್ಪಿತ್ತು. ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ ಗಟ್ಟಿಯಾಗಿತ್ತು, ಅದೇ ಸೆಮಿಸ್ಟರ್ ಪಾಸಾಗಬೇಕೆಂಬ ಷರತ್ತಿನ ಮೇಲೆ.

ಅವಳ ತಾಯಿ ಬಳ್ಳಾರಿಯವರು, ತಂದೆ ಇಲ್ಲಿಯವರು. ಮಾನಸಳ ಕನ್ನಡ ತಾಯಿಗೆ ಮತ್ತು ನನಗೆ ಮಾತ್ರ ಮೀಸಲು.

“ಆ ಸಾಲು ನೋಡ್ದೆ ಮೇಡಂ,” ಎಂದಳು. “ನಮ್ಮನ್ನ ಪರೀಕ್ಷೆ ಮಾಡಾಕ ನೀವೇ ಹಾಕೀರಿ ಅನ್ಕೊಂಡೆ. ಈಗ ಅಮ್ಮಗೆ ಏನ್ ಚೆಪ್ಪಾಲಿ... ಏನ್ ಹೇಳ್ಲಿ?”

ನನ್ನ ಮಾತನ್ನು ಪೂರ್ತಿ ನಂಬಿದವಳೇ ಮುಳುಗಿದ್ದಳು. ಪ್ರಸಾದ್ ಗಾರು ತಾವೇ ಓಡಾಡಿ ಮೇಲ್ಮನವಿ ಹಾಕಿಸಿದರು. ವಿಜಯವಾಡದಲ್ಲಿರುವ ವಿಶ್ವವಿದ್ಯಾಲಯದ ಪರೀಕ್ಷಾ ಶಾಖೆಯಿಂದ ವಿಚಾರಣೆಗೆ ಕರೆ ಬಂತು. ಕೆಲಸಕ್ಕೆ ಸೇರುವ ದಿನ ಹತ್ತಿರವಾಗಿತ್ತು.

ರೈಲಿನಲ್ಲಿ ಅವಳು ತಂದ ಬುತ್ತಿಯನ್ನು ಬಿಚ್ಚಲೇ ಇಲ್ಲ. “ಅಲ್ಲಿ ಊಹಿಸಿ ಬರಿ ಅಂದ್ರೆ ಬರೀಲಾ ಮೇಡಂ?” ಎಂದು ಕೇಳಿದಳು. ಬೇಡವೆಂದರೆ ಅವಳ ಕೆಲಸ ಹೋಗುತ್ತದೆ, ಹೂಂ ಎಂದರೆ ವರ್ಷವಿಡೀ ಹೇಳಿದ್ದು ನೀರುಪಾಲು. ರೈಲು ಗೋದಾವರಿ ಸೇತುವೆ ದಾಟಿತು.

“ಬರಿ,” ಎಂದೆ ಕೊನೆಗೆ. “ಆದ್ರೆ ಊಹೆನ ಊಹೆ ಅಂತ್ಲೇ ಬರಿ.”

ವಿಚಾರಣೆಯಲ್ಲಿ ನನ್ನನ್ನು ಕೂರಿಸಿದರು, ಮಾತಾಡಬಾರದೆಂದರು. ಸಮಿತಿಯ ಅಧ್ಯಕ್ಷರು ವಯಸ್ಸಾದ ಪ್ರಾಧ್ಯಾಪಕರು. ಅವಳ ಮುಂದೆ ಬಿಳಿ ಹಾಳೆ ಇಟ್ಟು ತೆಲುಗಿನಲ್ಲಿ ಮೆತ್ತಗೆ ಹೇಳಿದರು: “ಇದು ಬರೀ ಕಾಗದ ಅಮ್ಮಾ, ಇಲ್ಲೇನೂ ಸಿಡಿಯೋದಿಲ್ಲ. ಹತ್ತು ಬಾರ್ ಅಂದ್ಕೊ, ಲೆಕ್ಕ ಮಾಡು.”

ಮಾನಸ ಪೆನ್ನು ಎತ್ತಲಿಲ್ಲ. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು, ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದಳು. ಈ ಹುಡುಗಿ ಹಟ ಹಿಡಿದರೆ ಏನು ಗತಿ ಎಂದು ನಾನು ಹೆದರಿದೆ. ಆಮೇಲೆ ಬರೆಯತೊಡಗಿದಳು. ಲೆಕ್ಕ ಸರಿಯಾಗಿ ಬಂತು. ಅದರ ಕೆಳಗೆ, ‘ಹತ್ತು ಬಾರ್ ನನ್ನ ಊಹೆ. ಇದನ್ನು ನಂಬಿ ಸ್ಟೀಮ್ ಬಿಡಬೇಡಿ’ ಎಂದು ಸೇರಿಸಿದಳು.

ಅಧ್ಯಕ್ಷರು ಓದಿ ನನ್ನತ್ತ ತಿರುಗಿದರು. “ನಿಮ್ಮಂಥವರು ಕ್ಲಾಸಿಗೆ ಬಂದರೆ ನಮ್ಮ ಮೌಲ್ಯಮಾಪಕರಿಗೆ ತಲೆನೋವು, ಮೇಡಂ,” ಎಂದರು. ನಗುತ್ತಲೇ ಹೇಳಿದರು. ಮಾನಸ ಪಾಸಾದಳು, ಕೆಲಸಕ್ಕೂ ಸೇರಿದಳು.

ನನ್ನ ಕಳವಳ ಮಾತ್ರ ಹೋಗಲಿಲ್ಲ. ದೊಡ್ಡವರು ಮೆತ್ತಗೆ ಹೇಳಿದರೆ ಊಹಿಸಬಹುದು ಎಂದು ಆ ರೈಲಿನಲ್ಲಿ ನಾನೇ ಅವಳಿಗೆ ಕಲಿಸಿಬಿಟ್ಟೆನೇ ಎಂಬ ಹುಳ ತಲೆ ಕೊರೆಯುತ್ತಿತ್ತು. ಕಾಗದದ ಮೇಲಾದರೆ ಕೆಳಗೊಂದು ಸಾಲು ಬರೆಯಬಹುದು. ಕಾರ್ಖಾನೆಯಲ್ಲಿ ಸ್ಟೀಮ್ ಬಿಟ್ಟ ಮೇಲೆ ಬರೆಯುವುದಕ್ಕೆ ಏನಿರುತ್ತದೆ? ಮುಂದಿನ ಪತ್ರಿಕೆಯಲ್ಲಿ, ಊಹಿಸಿದ ಮೌಲ್ಯವನ್ನು ಯಾರನ್ನು ಕೇಳಿ ಖಚಿತಪಡಿಸಿಕೊಳ್ಳುವಿರಿ ಎಂದೂ ಬರೆಯಬೇಕೆಂಬ ನಿಯಮವನ್ನು ಪ್ರಸಾದ್ ಗಾರು ಸೇರಿಸಿದರು. ಆಗಲೂ ನನಗೆ ಸಮಾಧಾನವಾಗಲಿಲ್ಲ.

ಕೆಲವು ತಿಂಗಳ ಮೇಲೆ, ಬೆಳಗಿನ ಪಾಳಿಯ ಹೊತ್ತಿಗೆ ಅವಳ ಫೋನ್ ಬಂತು. ದನಿ ತಗ್ಗಿತ್ತು. “ವಾಲ್ವ್ ಟೆಸ್ಟ್ ಮಾಡಿದ ರಿಪೋರ್ಟ್ ಸಿಗವಲ್ದು ಮೇಡಂ. ಇನ್‌ಚಾರ್ಜ್ ಸರ್ ಪಕ್ಕದಾಗೇ ನಿಂತಾರ. ಸರಿನೇ ಇರ್ತೈತಿ, ಸ್ಟೀಮ್ ಬಿಡು ಅಂತಾರ.”

“ನೀನೇನ್ ಮಾಡ್ತೀಯ?”

“ಕೂತಿರ್ತೀನಿ ಮೇಡಂ.”

ಆಮೇಲೆ ಸುದ್ದಿಯಿಲ್ಲ. ಕೆಲಸದಿಂದ ತೆಗೆದರೋ, ಬೆದರಿಸಿ ಸ್ಟೀಮ್ ಬಿಡಿಸಿದರೋ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದೆ. ಅಂದೇ ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಫೋನ್ ಬಂತು.

“ರಿಪೋರ್ಟ್ ಸಿಕ್ತು ಮೇಡಂ. ಎಲ್ಲಾ ಸರಿ ಇತ್ತು. ಸುಮ್ನೆ ಪಾಳಿ ಹಾಳ್ಮಾಡ್ದೆ ಅಂತ ಎಲ್ರ ಮುಂದೆ ಬೈಸ್ಕೊಂಡೆ.”

ಸಮಾಧಾನ ಮಾಡಲು ಬಾಯಿ ತೆರೆದೆ. “ಹೋಗ್ಲಿ ಬಿಡು, ಸರಿ ಇತ್ತಲ್ಲ,” ಎಂದೆ.

ಇಡೀ ವೃತ್ತಿಯಲ್ಲಿ ನಾನು ಕಲಿತು, ಕಲಿಸಲು ಹೆಣಗಿದ ಪಾಠವನ್ನು ಅವಳು ನನಗೇ ತಿರುಗಿಸಿ ಹೇಳಿದಳು:

“ಅದು ಬೆಳಗ್ಗೆ ಗೊತ್ತಿರ್ಲಿಲ್ಲಲ್ಲ ಮೇಡಂ.”