ರೈಗಳ ಬಂಜರು

ಸುಳ್ಯ ಇನ್ನೂ ಪುತ್ತೂರು ತಾಲೂಕಿನಲ್ಲೇ ಇದ್ದ ಕಾಲ. ಪೇಟೆಯ ಪಂಚಾಯತ್ ಬೋರ್ಡಿನಲ್ಲಿ ನಾನು ಗುಮಾಸ್ತ. ಗದ್ದೆಯಲ್ಲಿ ಕಟ್ಟಡ ಕಟ್ಟಲು ಯಾರಾದರೂ ಅರ್ಜಿ ಕೊಟ್ಟರೆ, ಸ್ಥಳಕ್ಕೆ ಹೋಗಿ ನೆರೆಯವರ ಎದುರು ಅದನ್ನು ಓದಿ ಆಕ್ಷೇಪ ಕೇಳುವುದು ನನ್ನ ಕೆಲಸ. ಬೆಳೆ ಬರುವ ಗದ್ದೆಗೆ ಅನುಮತಿ ಸಿಗುತ್ತಿರಲಿಲ್ಲ.

ಪೇಟೆಯ ಅಂಚಿನ ರೈಗಳಿಗೆ ಅಂಗಡಿ ಕಟ್ಟುವ ಆಸೆ. ಹಾಗಾಗಿ ತಮ್ಮ ಗದ್ದೆ ‘ನೀರಿಲ್ಲದ ಬಂಜರು’ ಎಂದು ಅರ್ಜಿ ಬರೆಸಿದ್ದರು. ಕೊಯ್ಲು ಮುಗಿದ ಗದ್ದೆಯ ಬದುವಿನ ಮೇಲೆ ನಿಂತು ನಾನು ಅದನ್ನು ಓದಿದೆ.

ನೆರೆಯ ಭಟ್ಟರು ರೈಗಳಿಗೆ ಸಹಾಯ ಮಾಡಲೆಂದೇ ಬಂದವರು. “ಹೌದು ಮಾರಾಯ್ರೆ, ಅದರಲ್ಲಿ ಎಂತ ಉಂಟು? ಹುಲ್ಲು ಸಹ ಸರಿಯಾಗಿ ಬರುದಿಲ್ಲ” ಎಂದರು.

ರೈಗಳ ಮುಖ ಕೆಂಪಾಯಿತು. “ಭಟ್ರೇ, ಎಂತ ಹೇಳುದು ನೀವು? ಅಜ್ಜನ ಕಾಲದಿಂದ ವರ್ಷಕ್ಕೆ ಮೂರು ಬೆಳೆ ತೆಗೆದ ಗದ್ದೆ ಇದು. ನಿಮ್ಮದರಲ್ಲಿ ಎರಡು ಸಹ ಕಷ್ಟ.”

“ಹಾಗಾದರೆ ಅನುಮತಿ ಸಿಗುದಿಲ್ಲ ರೈಗಳೇ” ಎಂದೆ.

“ಸಿಗುದು ಬೇಡ. ಆ ಬಂಜರು ಅಂತ ಬರೆದದ್ದನ್ನು ಮೊದಲು ಹೊಡೆದು ಹಾಕಿ.”

ಹೊಡೆದು ಹಾಕಿ, ಬದಿಯಲ್ಲಿ ಅವರ ರುಜು ಹಾಕಿಸಿದೆ. ಊಟ ಮಾಡದೆ ಹೊರಡಲು ಅವರು ಬಿಡಲಿಲ್ಲ. ಎಲೆಯ ಮೇಲೆ ಅದೇ ಗದ್ದೆಯ ಕುಚ್ಚಲಕ್ಕಿ ಅನ್ನ. ಸ್ಥಳ ತನಿಖೆ ಅರ್ಧಕ್ಕೆ ನಿಲ್ಲಬಾರದೆಂದು ನಾನು ಎರಡು ಸಲ ಬಡಿಸಿಕೊಂಡೆ.